ಮುಂಜಾನೆ ಬೀಳದ ಗೇರ್

ಕಾರ್ತಿಕ ಕಳೆದು ಚಳಿ ಹಿಡಿದ ದಿನಗಳಲ್ಲಿ ಇದು ನಡೆಯಿತು.

ಕಪಿಲೆಯ ದಡದಲ್ಲಿ ಒಂದು ಮಠ. ಮಠವೆಂದರೆ ಮೂರು ಕೋಣೆ, ಒಂದು ಬಾವಿ, ಒಂದು ಹಳೆಯ ಕಾರು. ಇದ್ದವರು ಗುರುಗಳು ಮತ್ತು ಇಬ್ಬರು ಶಿಷ್ಯರು.

ಮೊದಲು ಬಂದವನು ಷಡಕ್ಷರಿ. ವಯಸ್ಸಿನಲ್ಲಿ ಚಿಕ್ಕವನು, ಶಿಸ್ತಿನವನು.

ಆಮೇಲೆ ಬಂದವನು ಸಿದ್ದಮಲ್ಲಪ್ಪ. ತಲೆ ನರೆತಿತ್ತು. ಹಿಂದೆ ಲಾರಿ ಓಡಿಸುತ್ತಿದ್ದ. ಲಾರಿಯ ಬಿಡಿಭಾಗ ಕದ್ದು ಜೈಲಿಗೆ ಹೋಗಿ ಬಂದಿದ್ದ. ಬಂದ ದಿನವೇ ಅದನ್ನು ಗುರುಗಳ ಮುಂದೆ ಹೇಳಿಕೊಂಡ. ಅವನ ಊರು ಅವನನ್ನು ಸೇರಿಸಿರಲಿಲ್ಲ. ಮಠ ಬಿಟ್ಟರೆ ಅವನಿಗೆ ಬೇರೆ ಸೂರು ಇರಲಿಲ್ಲ.

ಅವನು ಬಂದದ್ದು ಕಾರ್ತಿಕದಲ್ಲಿ. ಕಾರಿನ ತೊಂದರೆ ಶುರುವಾದದ್ದೂ ಕಾರ್ತಿಕದಲ್ಲಿ. ಷಡಕ್ಷರಿ ಇದನ್ನು ಗಮನಿಸಿದ್ದ.

ಕಾರನ್ನು ಭಕ್ತರೊಬ್ಬರು ಆ ವರ್ಷದ ಬೇಸಿಗೆಯಲ್ಲಿ ಮಠಕ್ಕೆ ಬಿಟ್ಟುಹೋಗಿದ್ದರು. ಅದರ ಗೇರ್ ಹಿಡಿ ನೆಲದಲ್ಲಿರಲಿಲ್ಲ, ಸ್ಟೇರಿಂಗ್ ಚಕ್ರದ ಕೆಳಗೆ ಪಕ್ಕಕ್ಕೆ ಚಾಚಿಕೊಂಡಿತ್ತು. ಅಲ್ಲಿಂದ ಒಂದು ಉದ್ದ ಕಡ್ಡಿ ಸ್ಟೇರಿಂಗ್ ಕಂಬದ ಗುಂಟ ಕೆಳಗಿಳಿಯುತ್ತಿತ್ತು. ಕಡ್ಡಿಯ ಬುಡದಲ್ಲಿ ಎರಡು ಪುಟ್ಟ ತೋಳುಗಳು. ತೋಳುಗಳು ಸರಾಗವಾಗಿ ಆಡಿದರೆ ಗೇರ್ ಬೀಳುತ್ತಿತ್ತು. ಒಂದು ಹಿಂದೆ ಉಳಿದರೂ ಹಿಡಿ ಕಲ್ಲಿನಂತೆ ನಿಲ್ಲುತ್ತಿತ್ತು.

ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಏನಾದರೂ ಆ ಕಾರೇ ಆಸ್ಪತ್ರೆಗೆ ಒಯ್ಯಬೇಕು. ಬೆಳಗಿನ ಸರದಿ ಷಡಕ್ಷರಿಯದು. ಮಧ್ಯಾಹ್ನದ ಸರದಿ ಸಿದ್ದಮಲ್ಲಪ್ಪನದು.

ದೀಪಕ್ಕೂ ಹೀಗೇ ಸರದಿ ಇತ್ತು. ಬೆಳಗಿನ ದೀಪ ಗುರುಗಳದು, ಸಂಜೆಯದು ಷಡಕ್ಷರಿಯದು. ಹಣತೆಯಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಬಾರದು ಎಂಬುದು ಮಠದ ವಾಡಿಕೆ. ಸಂಜೆಯ ದೀಪ ಶಾಂತವಾದ ಮೇಲೆ, ಎಣ್ಣೆ ಇನ್ನೂ ಬೆಚ್ಚಗಿರುವಾಗಲೇ, ಷಡಕ್ಷರಿ ಅದನ್ನು ಹಿಡಿದು ಒಂದು ಸುತ್ತು ಬರುತ್ತಿದ್ದ. ಮೊದಲು ಬಾಗಿಲಿನ ಕೀಲು, ಆಮೇಲೆ ಬಾವಿಯ ರಾಟೆ. ಕೊನೆಗೆ ಕಾರು.

ಒಂದು ದಿನವೂ ತಪ್ಪಿಸಿದವನಲ್ಲ.

ಒಂದು ಮುಂಜಾನೆ ಹಳ್ಳಿಯ ದೇವೀರಮ್ಮನಿಗೆ ಹೆರಿಗೆ ನೋವು ಬಂತು.

ಷಡಕ್ಷರಿ ಅವಳನ್ನೂ ಅವಳ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಹೊಳೆಯ ಏರು ಹತ್ತುವಾಗ ಗೇರ್ ಹಿಡಿ ನಡುವೆಯೇ ನಿಂತಿತು. ಕಾರು ಒಂದಿಷ್ಟು ಹಿಂದಕ್ಕೆ ಜಾರಿತು. ಹಿಂದೆ ನೀರು.

ಅವನು ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಎರಡು ತೋಳುಗಳನ್ನು ಕೈಯಿಂದ ಸಮಕ್ಕೆ ತಳ್ಳಿದ. ಅವು ಸಡಿಲವಾಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಮಗುವಿನ ಅಳು ಕೇಳಿತು.

ಆಸ್ಪತ್ರೆಯಿಂದ ಬಂದವನೇ ಅವನು ಗುರುಗಳ ಮುಂದೆ ನಿಂತ.

"ಮಗು?" ಎಂದರು ಗುರುಗಳು.

"ಹೆಣ್ಣು, ಬುದ್ಧಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ."

"ಹೆಸರಿಟ್ಟರಾ?"

"ಊರಿನವರು ಸ್ಟೇರಿಂಗಮ್ಮ ಅಂತಿದ್ದಾರೆ."

ಗುರುಗಳು ನಕ್ಕರು. ಷಡಕ್ಷರಿ ನಗಲಿಲ್ಲ.

"ಬುದ್ಧಿ, ಇದು ತಾನಾಗಿ ಆದದ್ದಲ್ಲ. ಯಾರೋ ಕಾರಿನ ಮೇಲೆ ಕೈಯಾಡಿಸುತ್ತಿದ್ದಾರೆ."

"ಯಾರು?"

"ಬೆಳಗ್ಗೆ ನಾನು ಓಡಿಸುವಾಗ ಗೇರ್ ಬೀಳುವುದಿಲ್ಲ. ಮಧ್ಯಾಹ್ನ ಸಿದ್ದಮಲ್ಲಪ್ಪ ಓಡಿಸುವಾಗ ಬೀಳುತ್ತದೆ. ಅವನು ಬರುವ ಮೊದಲು ಈ ತೊಂದರೆ ಇರಲಿಲ್ಲ. ವಾಹನದ ಒಳಗು ಗೊತ್ತಿರುವವನು ಅವನೊಬ್ಬನೇ. ಅವನು ಎಲ್ಲಿದ್ದು ಬಂದವನು ಅನ್ನುವುದು ತಮಗೂ ಗೊತ್ತು."

"ಕಾರು ಕೆಟ್ಟರೆ ಅವನಿಗೇನು ಸಿಗುತ್ತೆ?"

"ನನಗೆ ಓಡಿಸೋಕೆ ಬರಲ್ಲ ಅಂತ ಆಗುತ್ತೆ. ಕಾರು ಪೂರಾ ಅವನ ಕೈಗೆ ಹೋಗುತ್ತೆ. ಆಮೇಲೆ ಒಂದೊಂದೇ ಭಾಗ ಮಾಯವಾಗುತ್ತೆ."

"ಬಹಳ ದೂರದವರೆಗೆ ನೋಡಿದ್ದೀಯ."

"ಇವತ್ತು ಎರಡು ಜೀವ ಹೋಗುತ್ತಿತ್ತು, ಬುದ್ಧಿ. ಕೈಯಾಡಿಸಿದವನು ಯಾರೇ ಆಗಲಿ, ಅವನು ಮಠದಲ್ಲಿ ಇರಬಾರದು. ತಾವು ಮಾತು ಕೊಡಬೇಕು."

ಗುರುಗಳು ಹೊಳೆಯ ಕಡೆ ತಿರುಗಿದರು.

"ಆಗಲಿ. ಕೈಯಾಡಿಸಿದ ಕೈ ಈ ಮಠದಲ್ಲಿ ಇರುವುದು ಬೇಡ. ನಾಳೆಯಿಂದ ಬೆಳಗಿನ ಸರದಿ ಅವನಿಗೆ ಕೊಡು. ಮಧ್ಯಾಹ್ನದ್ದು ನೀನು ತಗೊ."

ಮರುದಿನ ಬೆಳಗ್ಗೆ ಸಿದ್ದಮಲ್ಲಪ್ಪ ಕಾರು ಹತ್ತಿದ. ಷಡಕ್ಷರಿ ಬಾವಿಯ ಕಟ್ಟೆಯ ಮೇಲೆ ಕುಳಿತು ನೋಡಿದ.

ಕಾರು ಬೇಲಿ ದಾಟುವ ಮೊದಲೇ ಹಿಡಿ ಸಿಕ್ಕಿಕೊಂಡಿತು.

"ಬಾರವ್ವ, ಬಾ ನನ್ನವ್ವ," ಎಂದು ಸಿದ್ದಮಲ್ಲಪ್ಪ ಹಿಡಿಯನ್ನು ಸವರಿದ. ಅದು ಬರಲಿಲ್ಲ. ಇಳಿದು ಬಾನೆಟ್ ಎತ್ತಿದ.

"ಏನಾಗಿದೆ?" ಎಂದ ಷಡಕ್ಷರಿ, ಕುಳಿತಲ್ಲಿಂದಲೇ.

"ಗೊತ್ತಾಗ್ತಿಲ್ಲ, ಅಯ್ನೋರೆ. ನಾನು ಓಡಿಸಿದ ಲಾರಿಗಳಲ್ಲಿ ಗೇರು ನೆಲದಲ್ಲಿತ್ತು."

ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡ ಷಡಕ್ಷರಿ.

ಮಧ್ಯಾಹ್ನ ಷಡಕ್ಷರಿ ಓಡಿಸಿದ. ಬಿಸಿಲು ಜೋರಾಗಿತ್ತು. ಗೇರುಗಳು ಒಂದರ ಹಿಂದೆ ಒಂದು ಸಲೀಸಾಗಿ ಬಿದ್ದವು.

"ಏನಾಯಿತು?" ಎಂದರು ಗುರುಗಳು.

"ಬೆಳಗ್ಗೆ ಅವನ ಕೈಯಲ್ಲೂ ಸಿಕ್ಕಿಕೊಂಡಿತು, ಬುದ್ಧಿ. ಮಧ್ಯಾಹ್ನ ನನ್ನ ಕೈಯಲ್ಲಿ ಸರಾಗ."

"ಹಾಗಾದರೆ ಅವನಲ್ಲ."

"ಹಾಗಲ್ಲ, ಬುದ್ಧಿ. ಈಗ ಅನುಮಾನ ಜಾಸ್ತಿಯಾಗಿದೆ. ನಾವು ನೋಡುತ್ತಿದ್ದೇವೆ ಅಂತ ಅವನಿಗೆ ಗೊತ್ತಾಗಿದೆ. ಬೇಕೆಂದೇ ತನ್ನ ಕೈಯಲ್ಲೂ ಸಿಕ್ಕಿಕೊಳ್ಳುವ ಹಾಗೆ ಮಾಡಿದ್ದಾನೆ."

"ಸಿಕ್ಕಿಕೊಳ್ಳದೆ ಇದ್ದಿದ್ದರೆ?"

"ಅವನೇ ಅಂತ ಖಾತ್ರಿಯಾಗುತ್ತಿತ್ತು."

"ಸಿಕ್ಕಿಕೊಂಡರೂ ಅವನು. ಸಿಕ್ಕಿಕೊಳ್ಳದಿದ್ದರೂ ಅವನು."

"ಹೌದು, ಬುದ್ಧಿ."

"ನಿನ್ನ ಅನುಮಾನಕ್ಕೆ ಗೇರಿನ ತೊಂದರೆ ಇಲ್ಲ," ಎಂದು ಗುರುಗಳು ಎದ್ದುಹೋದರು. "ಎಲ್ಲಾ ಕಡೆ ಬೀಳುತ್ತೆ."

ಷಡಕ್ಷರಿ ಸಾಕ್ಷಿ ಹುಡುಕಲು ನಿರ್ಧರಿಸಿದ.

ಸಂಜೆ ಎಣ್ಣೆಯ ಸುತ್ತು ಮುಗಿದ ಮೇಲೆ ಬಾನೆಟ್ಟನ್ನು ಮುಚ್ಚಿ ಅದರ ಮೇಲೆ ತೆಳುವಾಗಿ ವಿಭೂತಿ ಉದುರಿಸಿದ. ಯಾರು ಮುಟ್ಟಿದರೂ ಬೆರಳ ಗುರುತು ಮೂಡಬೇಕು.

ಬೆಳಗ್ಗೆ ನೋಡಿದರೆ ಗುರುತು ಮೂಡಿತ್ತು. ಸ್ಪಷ್ಟವಾಗಿ ಮೂರು ಬೆರಳು.

ಅವನು ಓಡಿ ಗುರುಗಳ ಬಳಿ ಹೋದ. "ಬುದ್ಧಿ, ಸಿಕ್ಕಿಬಿದ್ದ! ಬಾನೆಟ್ಟಿನ ಮೇಲೆ ಮೂರು ಬೆರಳಿನ ಗುರುತು—"

ಮಾತು ಅಲ್ಲಿಗೇ ನಿಂತಿತು. ಗುರುಗಳ ಹಣೆಯ ಮೇಲೆ ಮೂರು ಗೆರೆ ಹೊಸದಾಗಿದ್ದವು.

"ಕಾರಿನ ಮೇಲೆ ವಿಭೂತಿ ಇತ್ತು," ಎಂದರು ಗುರುಗಳು. "ಯಾರೋ ಭಕ್ತರು ಇಟ್ಟಿರಬೇಕು ಅಂತ ಹಚ್ಚಿಕೊಂಡೆ."

ಷಡಕ್ಷರಿ ಬಾನೆಟ್ಟನ್ನು ಒರೆಸಲು ಹೊರಟ. ಆದರೆ ಗುರುಗಳು ಅಷ್ಟು ಹೊತ್ತಿಗೇ ಕಾರಿನ ಹತ್ತಿರ ಯಾಕೆ ಹೋಗಿದ್ದರು ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಉಳಿಯಿತು.

ಮುಂದಿನ ಬೆಳಗ್ಗೆ ಅವನು ಎಂದಿಗಿಂತ ಬೇಗ ಎದ್ದು ಕಾರಿನ ಬಾಗಿಲು ತೆರೆದ. ಹಿಂದಿನ ಸೀಟಿನಲ್ಲಿ ಸಿದ್ದಮಲ್ಲಪ್ಪ ಕಂಬಳಿ ಹೊದ್ದು ಮಲಗಿದ್ದ.

"ಇಲ್ಲೇನು ಮಾಡ್ತಿದ್ದೀಯ?"

ಸಿದ್ದಮಲ್ಲಪ್ಪ ಕಣ್ಣುಜ್ಜಿಕೊಂಡು ಎದ್ದು ಕುಳಿತ. "ಮಲಗಿದ್ದೆ, ಅಯ್ನೋರೆ."

"ಕೋಣೆ ಇಲ್ಲವಾ ನಿನಗೆ?"

"ಕೋಣೇಲಿ ಚಳಿ."

"ಕಾರಿನಲ್ಲಿ ಚಳಿ ಇಲ್ಲವಾ?"

ಸಿದ್ದಮಲ್ಲಪ್ಪ ಕಾರಿನಿಂದ ಇಳಿದ. ಕಂಬಳಿ ಮಡಿಸಿಕೊಂಡು ಹೋದ.

ಷಡಕ್ಷರಿಗೆ ಇಷ್ಟು ಸಾಕಾಯಿತು. ಗುರುಗಳಿಗೆ ಎಲ್ಲವನ್ನೂ ಹೇಳಿದ. ಗುರುಗಳು ಸಿದ್ದಮಲ್ಲಪ್ಪನನ್ನು ಕರೆಸಿದರು.

"ಆಚೆ ದಡದಲ್ಲಿ ರಾಗಿ ಕೊಯ್ಲು ನಡೀತಿದೆ. ಆಳು ಸಾಲದಂತೆ. ಹೋಗು."

ಸಿದ್ದಮಲ್ಲಪ್ಪ ಷಡಕ್ಷರಿಯ ಮುಖ ನೋಡಿದ. ಆಮೇಲೆ ಗುರುಗಳ ಪಾದ ನೋಡಿದ.

"ತಿರುಗಿ ಬರಬಹುದಾ, ಬುದ್ಧಿ?"

"ಕರೆದಾಗ ಬಾ."

ಅವನು ತನ್ನ ಗಂಟು ತಗೊಂಡು ಹೊಳೆಗೆ ಇಳಿದ. ಹರಿಗೋಲು ಆಚೆ ದಡ ಮುಟ್ಟುವವರೆಗೂ ಅವನು ಹಿಂದಿರುಗಿ ನೋಡಲಿಲ್ಲ.

"ಊಟಕ್ಕೆ ಎಲೆ ಎರಡು ಹಾಕು," ಎಂದರು ಗುರುಗಳು.

ಷಡಕ್ಷರಿ ಎರಡು ಎಲೆ ಹಾಕಿದ. ಬಹಳ ದಿನದ ಮೇಲೆ ಅವನಿಗೆ ಅನ್ನ ರುಚಿಸಿತು.

ಇನ್ನು ಯಾವ ಸಂದೇಹಕ್ಕೂ ಜಾಗ ಇರಬಾರದು ಎಂದು ಅವನು ಕಾರಿಗೆ ಬೀಗ ಹಾಕಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಬಾನೆಟ್ಟಿಗೆ ಹಗ್ಗ ಬಿಗಿದು ತನಗೆ ಮಾತ್ರ ಬಿಚ್ಚಲು ಬರುವ ಗಂಟು ಹಾಕಿದ. ಸಂಜೆ ಎಣ್ಣೆ ಹಾಕಲು ಮಾತ್ರ ಅದನ್ನು ಬಿಚ್ಚಿದ. ಮತ್ತೆ ಬಿಗಿದ.

ಬೆಳಗ್ಗೆ ಹಗ್ಗ ಇದ್ದ ಹಾಗೇ ಇತ್ತು. ಗಂಟು ತನ್ನದೇ. ಅವನು ಕಾರು ಹತ್ತಿ, ಎಂಜಿನ್ ಶುರು ಮಾಡಿ, ಹಿಡಿಗೆ ಕೈ ಹಾಕಿದ.

ಹಿಡಿ ಅಲುಗಲಿಲ್ಲ.

ಅವನು ಇನ್ನೊಮ್ಮೆ ಎಳೆದು ನೋಡಿ ಕೈ ಬಿಟ್ಟ. ಮಂಜಿನಲ್ಲಿ ಹೊಳೆ ಕಾಣುತ್ತಿರಲಿಲ್ಲ. ಬಾಗಿಲ ಬಳಿ ಗುರುಗಳು ಶಾಲು ಹೊದ್ದು ನಿಂತಿದ್ದರು.

"ಬಿತ್ತಾ?"

"ಇಲ್ಲ, ಬುದ್ಧಿ."

"ಸಿದ್ದಮಲ್ಲ ಆಚೆ ದಡದಲ್ಲಿದ್ದಾನೆ. ಇಲ್ಲಿ ಇರುವವರು ನಾನು, ನೀನು."

ಷಡಕ್ಷರಿ ತಲೆ ತಗ್ಗಿಸಿದ.

"ನನ್ನ ಮೇಲೂ ಬಂತಾ, ಅನುಮಾನ?"

ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. "ಬಂತು, ಬುದ್ಧಿ. ವಿಭೂತಿಯ ದಿನ."

"ಎಷ್ಟು ಹೊತ್ತು ಇತ್ತು?"

"ಇನ್ನೂ ಇದೆ, ಬುದ್ಧಿ."

ಗುರುಗಳಿಗೆ ಕೋಪ ಬರಲಿಲ್ಲ. "ಒಳಗೆ ಬಾ," ಎಂದರು. "ಇವತ್ತು ಬೆಳಗಿನ ದೀಪ ನೀನು ಹಚ್ಚು."

ದೇವರ ಕೋಣೆ ತಣ್ಣಗಿತ್ತು. ಗುರುಗಳು ಎಣ್ಣೆಯ ಗಿಂಡಿಯನ್ನು ಅವನ ಕೈಗೆ ಕೊಟ್ಟರು. ಹಿಪ್ಪೆ ಎಣ್ಣೆ. ಮಠದಲ್ಲಿ ಎಂದಿನಿಂದಲೂ ದೀಪಕ್ಕೆ ಅದೇ.

"ಸುರಿ."

ಷಡಕ್ಷರಿ ಹಣತೆಯ ಮೇಲೆ ಗಿಂಡಿಯನ್ನು ಬಗ್ಗಿಸಿದ. ಏನೂ ಬೀಳಲಿಲ್ಲ. ಪೂರಾ ತಲೆಕೆಳಗೆ ಮಾಡಿದ. ಆಗಲೂ ಬೀಳಲಿಲ್ಲ. ಒಳಗೆ ಬೆರಳಿಟ್ಟು ನೋಡಿದ. ಎಣ್ಣೆ ಬೆಣ್ಣೆಯಂತೆ ಕೂತಿತ್ತು.

"ಗಟ್ಟಿಯಾಗಿದೆ, ಬುದ್ಧಿ."

"ಯಾರು ಗಟ್ಟಿ ಮಾಡಿದರು?"

ಷಡಕ್ಷರಿ ಗಿಂಡಿಯನ್ನು ತಿರುಗಿಸಿ ನೋಡಿದ.

"ಚಳಿಗೆ ನಾನು ದಿನವೂ ಕೆಂಡದ ಮೇಲಿಟ್ಟು ಕರಗಿಸಿಕೊಳ್ಳುತ್ತೇನೆ," ಎಂದರು ಗುರುಗಳು. "ನಿನಗೆ ಸಂಜೆಯ ಎಣ್ಣೆ ಮಾತ್ರ ಗೊತ್ತು."

ಅವನು ಗಿಂಡಿಯನ್ನು ಕೆಳಗಿಟ್ಟು ಹೊರಗೆ ಹೋದ. ಹಗ್ಗ ಬಿಚ್ಚಿದ. ಬಾನೆಟ್ ಎತ್ತಿ ಮೊದಲ ಸಲ ಬಗ್ಗಿ ನಿಧಾನವಾಗಿ ನೋಡಿದ.

ಕಡ್ಡಿಯ ಬುಡದಲ್ಲಿ, ಎರಡು ತೋಳುಗಳ ಸಂದಿನಲ್ಲಿ, ಪ್ರತಿ ಕೀಲಿನಲ್ಲೂ ಎಣ್ಣೆ ಹೆಪ್ಪುಗಟ್ಟಿತ್ತು. ಮೇಲೆ ಹೊಸ ಎಣ್ಣೆ, ಬೆಳ್ಳಗೆ. ಅದರ ಕೆಳಗೆ ಹಳೆಯದು, ದಾರಿಯ ದೂಳು ಕುಡಿದು ಕಪ್ಪಗೆ. ಕಾರ್ತಿಕದಲ್ಲಿ ಮಠದ ತುಂಬ ದೀಪ ಹಚ್ಚಿದ್ದರು. ಉಳಿದ ಎಣ್ಣೆ ಜಾಸ್ತಿ ಇತ್ತು. ಅವನು ಜಾಸ್ತಿಯೇ ಹಾಕಿದ್ದ.

ಮಧ್ಯಾಹ್ನ ಬಿಸಿಲಿಗೂ ಎಂಜಿನ್ನಿನ ಶಾಖಕ್ಕೂ ಅದು ಕರಗುತ್ತಿತ್ತು. ಬೆಳಗ್ಗೆ ಮತ್ತೆ ಕೂರುತ್ತಿತ್ತು.

ಅವನು ಒಳಗೆ ಬಂದು ಗುರುಗಳ ಮುಂದೆ ಕುಳಿತ.

"ಸಿಕ್ಕನಾ?" ಎಂದರು ಗುರುಗಳು.

"ಸಿಕ್ಕ, ಬುದ್ಧಿ."

"ಸಿದ್ದಮಲ್ಲನನ್ನು ಕರೆದು ಬಾ. ಅದನ್ನು ತೆಗೆಯುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ."

ಸಿದ್ದಮಲ್ಲಪ್ಪ ರಾಗಿ ಹೊಲದಲ್ಲಿ ಬಗ್ಗಿ ಕೊಯ್ಯುತ್ತಿದ್ದ. ಷಡಕ್ಷರಿಯನ್ನು ಕಂಡು ಕುಡುಗೋಲನ್ನು ಕೆಳಗಿಟ್ಟ. ಅವನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಪೊಲೀಸರು ಬರಲಿಲ್ವಾ, ಅಯ್ನೋರೆ?"

"ನಾನೊಬ್ಬನೇ ಬಂದೆ. ಬುದ್ಧಿಯವರು ಕರೆಯುತ್ತಿದ್ದಾರೆ. ಕಾರಿನ ತೊಂದರೆ ಗೊತ್ತಾಯಿತು."

"ಏನು?"

"ಹಿಪ್ಪೆ ಎಣ್ಣೆ. ಚಳಿಗೆ ಕೀಲುಗಳಲ್ಲಿ ಹೆಪ್ಪುಗಟ್ಟಿದೆ."

"ಯಾರು ಹಾಕಿದ್ದು?"

"ನಾನು."

ಸಿದ್ದಮಲ್ಲಪ್ಪ ರಾಗಿಯ ಕಟ್ಟಿನ ಮೇಲೆ ಕುಳಿತುಬಿಟ್ಟ.

"ನೀವೇ ಅಂತ ನನಗೆ ಮೊದಲೇ ಅನುಮಾನ ಇತ್ತು."

"ನನ್ನ ಮೇಲೆ?"

"ಇನ್ಯಾರ ಮೇಲೆ? ನನ್ನನ್ನ ಓಡಿಸೋಕೆ ನೀವೇ ಏನೋ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ. ಮಾಡುವಾಗಲೇ ಹಿಡೀಬೇಕು ಅಂತಾನೇ ಕಾರಲ್ಲಿ ಮಲಗಿದ್ದು. ಚಳೀಲಿ ಸತ್ತೋಗಿದ್ದೆ."

"ಸಂಜೆ ನಾನು ಎಣ್ಣೆ ಹಾಕುವುದನ್ನು ನೀವು ನೋಡಿರಲಿಲ್ಲವಾ?"

"ದಿನಾ ನೋಡ್ತಿದ್ದೆ," ಎಂದ ಸಿದ್ದಮಲ್ಲಪ್ಪ. "ಪೂಜೆ ಅಂದ್ಕೊಂಡಿದ್ದೆ."

ಇಬ್ಬರೂ ಒಂದೇ ಹರಿಗೋಲಿನಲ್ಲಿ ಬಂದರು. ನಡುಹೊಳೆಯಲ್ಲಿ ಷಡಕ್ಷರಿ ಸಿದ್ದಮಲ್ಲಪ್ಪನ ಗಂಟನ್ನು ನೀರು ತಾಗದಂತೆ ತನ್ನ ಮಡಿಲಿಗೆ ತಗೊಂಡ. ಸಿದ್ದಮಲ್ಲಪ್ಪ ನೀರಿನ ಕಡೆ ನೋಡುತ್ತಿದ್ದ.

ಒಂದು ಡಬ್ಬಿ ಸೀಮೆಎಣ್ಣೆ, ಹಲ್ಲುಜ್ಜುವ ಹಳೆಯ ಬ್ರಷ್ಷು, ಹರಿದ ಪಂಚೆಯ ತುಂಡು. ಷಡಕ್ಷರಿ ಬಾನೆಟ್ಟಿನೊಳಗೆ ಬಗ್ಗಿದ. ಸಿದ್ದಮಲ್ಲಪ್ಪ ಒಳಗೆ ಕುಳಿತು ಗೇರ್ ಹಿಡಿ ಹಿಡಿದ.

ಎಂಜಿನ್ ಆರಿಸಿತ್ತು. ಆದರೂ ಷಡಕ್ಷರಿ ಒಂದು ಕ್ಷಣ ತಡೆದ. ಬೆರಳುಗಳನ್ನು ಆ ಎರಡು ತೋಳುಗಳ ನಡುವೆ ಇಡಬೇಕಿತ್ತು. ಹಿಡಿ ಇನ್ನೊಬ್ಬನ ಕೈಯಲ್ಲಿತ್ತು. ಒಂದು ಸಲ ಜೋರಾಗಿ ಎಳೆದರೆ ಬೆರಳು ಹೋಗುತ್ತಿತ್ತು.

"ಹೇಳೋವರೆಗೂ ಅಲ್ಲಾಡಿಸಲ್ಲ," ಎಂದ ಸಿದ್ದಮಲ್ಲಪ್ಪ ಒಳಗಿನಿಂದ. "ಇಡಿ ಕೈ."

ಷಡಕ್ಷರಿ ಇಟ್ಟ.

ಸೀಮೆಎಣ್ಣೆ ಬಿಟ್ಟು ಉಜ್ಜಿದ. ಮೇಲಿನ ಬಿಳಿ ಬೇಗ ಹೋಯಿತು. ಕೆಳಗಿನ ಕಪ್ಪು ಹಲಸಿನ ಮೇಣದಂತೆ ಬೆರಳಿಗೆ ಅಂಟಿತು. ಕೆರೆದು ತೆಗೆದು, ಒರೆಸಿ, ಮತ್ತೆ ಸೀಮೆಎಣ್ಣೆ ಬಿಟ್ಟ. ಪ್ರತಿ ಕೀಲಿಗೂ ಹೀಗೇ.

"ಮೇಲಕ್ಕೆ," ಎನ್ನುತ್ತಿದ್ದ, ಕೈ ಹಿಂದೆ ತೆಗೆದುಕೊಂಡು.

"ಮೇಲಕ್ಕೆ."

"ಕೆಳಕ್ಕೆ."

"ಕೆಳಕ್ಕೆ. ಸ್ವಲ್ಪ ಬಿಗಿ ಇದೆ, ಅಯ್ನೋರೆ."

"ತಡೀರಿ. ಇನ್ನೊಂದು ಸಲ ಉಜ್ಜುತ್ತೇನೆ."

ಎಲ್ಲ ಒಣಗಿದ ಮೇಲೆ ಎಂಜಿನ್ ಆಯಿಲ್ ತಂದು ಪೊರಕೆ ಕಡ್ಡಿಯ ತುದಿಯಿಂದ ಕೀಲಿಗೊಂದು ತೊಟ್ಟು ಬಿಟ್ಟ. ಇನ್ನೊಂದು ತೊಟ್ಟು ಹಾಕಲು ಅವನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ತಡೆದುಕೊಂಡ. ಹೊರಗೆ ಬಂದದ್ದನ್ನು ಒರೆಸಿದ.

ಮರುದಿನ ಮುಂಜಾನೆ ಮಂಜು ಇನ್ನೂ ದಟ್ಟವಾಗಿತ್ತು. ಸಿದ್ದಮಲ್ಲಪ್ಪ ಹಿಡಿಯನ್ನು ಎರಡು ಬೆರಳಿನಿಂದ ತಳ್ಳಿದ. ಗೇರ್ ಬಿತ್ತು.

"ನೀವು ನೋಡಿ," ಎಂದು ಇಳಿದು ಜಾಗ ಬಿಟ್ಟ.

ಷಡಕ್ಷರಿಯೂ ತಳ್ಳಿದ. ಬಿತ್ತು. ತೆಗೆದು ಮತ್ತೆ ಹಾಕಿದ. ಆಮೇಲೂ ಒಂದು ಸಲ.

"ನಂಬಿಕೆ ಬರಲಿಲ್ವಾ?" ಎಂದು ನಕ್ಕ ಸಿದ್ದಮಲ್ಲಪ್ಪ.

ಷಡಕ್ಷರಿ ಕಾರಿನಿಂದ ಇಳಿದು ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಅವನ ಕೈಯಲ್ಲಿಟ್ಟ.

ಆಮೇಲೆ ತನ್ನ ಕೋಣೆಗೆ ಹೋದ. ಎರಡು ಪಂಚೆ, ಒಂದು ಚೊಂಬು, ಒಂದು ಕಂಬಳಿ. ಚೀಲ ಕಟ್ಟಿ ಬಾಗಿಲ ಬಳಿ ಇಟ್ಟ. ಊಟದ ಹೊತ್ತಿನವರೆಗೆ ಕಾದ. ಕೊನೆಯ ಕೆಲಸವೆಂದು ನೆಲ ಸಾರಿಸಿ ಎಲೆ ಹಾಕಿದ.

ಗುರುಗಳು ಬಂದರು. ಎಲೆ ನೋಡಿದರು. ಬಾಗಿಲ ಬಳಿಯ ಚೀಲ ನೋಡಿದರು.

"ಎಲ್ಲಿಗೆ?"

"ಕೈಯಾಡಿಸಿದವನು ಮಠದಲ್ಲಿ ಇರಬಾರದು ಅಂದಿದ್ದೆ, ಬುದ್ಧಿ."

"ಅಂದಿದ್ದೆ."

"ಆ ಕೈ ಇಲ್ಲಿ ಇರುವುದು ಬೇಡ ಅಂತ ತಾವೂ ಮಾತು ಕೊಟ್ಟಿದ್ದಿರಿ."

"ಕೊಟ್ಟಿದ್ದೆ. ಎಲ್ಲಿ ಆ ಕೈ, ತೋರಿಸು."

ಷಡಕ್ಷರಿ ಎರಡೂ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. ಅಂಗೈ ಕೆಂಪಗೆ ಸುಲಿದಿತ್ತು.

ಗುರುಗಳು ಬಗ್ಗಿ ಮೂಸಿದರು.

"ಬರೀ ಸೀಮೆಎಣ್ಣೆ," ಎಂದರು. "ಹಿಪ್ಪೆ ಎಣ್ಣೆಯ ವಾಸನೆ ಎಲ್ಲಿದೆ?"

ಷಡಕ್ಷರಿ ತನ್ನ ಕೈಯನ್ನು ತಾನೇ ಮೂಸಿ ನೋಡಿದ. ಅಂಗಳದಲ್ಲಿ ಸಿದ್ದಮಲ್ಲಪ್ಪ ಕೈಕಾಲು ತೊಳೆಯುತ್ತಿದ್ದ.

"ಎಲೆ ಎಷ್ಟು ಹಾಕಿದ್ದೀಯ?"

"ಎರಡು, ಬುದ್ಧಿ."

"ಮೂರು."